ಭೂಮಿಯ ನ್ಯಾಯ ಮತ್ತು ಭಯದ ಕಾಗದ
ದಿಂಗ್ ಲಿಂಗ್ ಅವರ ಕಾದಂಬರಿಯೊಂದರ ನೈತಿಕ ವಿಮರ್ಶೆ

ಒಬ್ಬನ ಸ್ವತ್ತು ಇನ್ನೊಬ್ಬನ ಕೈಸೇರುವ ಬಗೆಗಳು ಹಲವು. ಕ್ರಯದಿಂದ ಸೇರಬಹುದು, ದಾನದಿಂದ ಸೇರಬಹುದು, ನ್ಯಾಯಸ್ಥಾನದ ತೀರ್ಪಿನಿಂದ ಸೇರಬಹುದು, ಬಲಾತ್ಕಾರದಿಂದಲೂ ಸೇರಬಹುದು. ಕಾಗದಪತ್ರದಲ್ಲಿ ಇವೆಲ್ಲವೂ ಬಹುಮಟ್ಟಿಗೆ ಒಂದೇ ಬಗೆಯಾಗಿ ತೋರುತ್ತವೆ. ಆದರೆ ಕೊಟ್ಟವನ ಅಂತರಂಗದಲ್ಲಾಗಲಿ ಪಡೆದವನ ಅಂತರಂಗದಲ್ಲಾಗಲಿ ಅವು ಒಂದೇ ಅಲ್ಲ. ಹಸಿದವನಿಗೆ ನೆಲ ದೊರೆಯಬೇಕೆಂಬುದು ನ್ಯಾಯ. ಅದು ಹೇಗೆ ದೊರೆಯಬೇಕೆಂಬುದು ಆ ನ್ಯಾಯದ ಹೊರಗಿನ ಪ್ರಶ್ನೆಯಲ್ಲ, ಅದರ ಒಡಲಿನಲ್ಲೇ ಇರುವ ಪ್ರಶ್ನೆ. ಚೀನದ ಲೇಖಕಿ ದಿಂಗ್ ಲಿಂಗ್ ಅವರು 1948ರಲ್ಲಿ ಪ್ರಕಟಿಸಿದ ‘ಸಾಂಗ್‌ಗಾನ್ ನದಿಯ ಮೇಲೆ ಸೂರ್ಯಪ್ರಕಾಶ’ ಎಂಬ ಅರ್ಥದ ಹೆಸರುಳ್ಳ ಕಾದಂಬರಿಯು ಈ ಪ್ರಶ್ನೆಯನ್ನು ಎತ್ತಿ ತೋರಿಸುವ ಕೃತಿ. ಅದನ್ನು ಬರೆದವರು ಕ್ರಾಂತಿಯ ಪರವಾಗಿ ನಿಂತವರು. ಆದುದರಿಂದಲೇ ಆ ಕೃತಿ ತನ್ನ ಉದ್ದೇಶವನ್ನು ಮೀರಿ ಹೇಳುವ ಮಾತುಗಳಿಗೆ ವಿಶೇಷ ಬೆಲೆ ಸಲ್ಲುತ್ತದೆ.

ಕೃತಿಯ ಹಿನ್ನೆಲೆಯನ್ನು ಸಂಕ್ಷೇಪವಾಗಿ ತಿಳಿಯುವುದು ಅವಶ್ಯ. 1945ರಲ್ಲಿ ಜಪಾನ್ ಶರಣಾದ ಮೇಲೆ ಉತ್ತರ ಚೀನದ ಅನೇಕ ಜಿಲ್ಲೆಗಳು ಕಮ್ಯುನಿಸ್ಟ್ ಪಕ್ಷದ ಆಡಳಿತಕ್ಕೆ ಒಳಪಟ್ಟವು. ಅದುವರೆಗೆ ಗೇಣಿ ಮತ್ತು ಬಡ್ಡಿಯನ್ನು ತಗ್ಗಿಸುವುದಷ್ಟೇ ಪಕ್ಷದ ನೀತಿಯಾಗಿತ್ತು. 1946ರ ಮೇ 4ರ ನಿರ್ದೇಶದಿಂದ ಆ ನೀತಿ ಬದಲಾಗಿ, ಜಮೀನ್ದಾರರ ಭೂಮಿಯನ್ನು ಉಳುವವರಿಗೆ ವರ್ಗಾಯಿಸುವ ಕಾರ್ಯ ಆರಂಭವಾಯಿತು. ಊರೂರಿಗೆ ಕಾರ್ಯಕರ್ತರ ತಂಡಗಳು ಹೋದವು. ದಿಂಗ್ ಲಿಂಗ್ ಅವರೂ ಅಂಥ ತಂಡವೊಂದರಲ್ಲಿದ್ದು ಸಾಂಗ್‌ಗಾನ್ ನದೀತೀರದ ಹಳ್ಳಿಗಳಲ್ಲಿ ಕೆಲಸ ಮಾಡಿದರು. ಅಲ್ಲಿ ಕಂಡದ್ದನ್ನು ಆಧರಿಸಿ ನುವಾನ್‌ಶುಯಿ ಎಂಬ ಹಳ್ಳಿಯೊಂದನ್ನು ಕಲ್ಪಿಸಿ, ಒಂದೇ ಬೇಸಗೆಯ ಕೆಲವು ವಾರಗಳ ಕಥೆಯನ್ನು ಹೆಣೆದರು. ಈ ಕೃತಿಗೆ 1951ನೆಯ ಸಾಲಿನ ಸ್ಟಾಲಿನ್ ಪಾರಿತೋಷಕ ದೊರೆಯಿತು. 1954ರಲ್ಲಿ ಪೀಕಿಂಗಿನಿಂದ ಇಂಗ್ಲಿಷ್ ಅನುವಾದ ಹೊರಬಂದಿತು.

ಕಥೆ ಆರಂಭವಾಗುವುದು ಒಂದು ಬಂಡಿಯಿಂದ. ಗು ಯೊಂಗ್ ಎಂಬ ದುಡಿಮೆಗಾರ ರೈತ ತನ್ನ ಬೀಗನ ರಬ್ಬರ್ ಚಕ್ರದ ಬಂಡಿಯನ್ನು ನದಿ ದಾಟಿಸಿ ತನ್ನೂರಿಗೆ ತರುತ್ತಾನೆ. ಬೀಗನಿಗೆ ಕಾಯಿಲೆಯೆಂದು ಊರವರಿಗೆ ಹೇಳುತ್ತಾನೆ. ನಿಜಸಂಗತಿ ಬೇರೆ: ಬೀಗನ ಊರಿನಲ್ಲಿ ಆಸ್ತಿ ಹಂಚುವ ಸುದ್ದಿ ಹಬ್ಬಿದೆ, ಬಂಡಿ ಕೈತಪ್ಪುವ ಭಯವಿದೆ. ಹೀಗೆ ಕೃತಿಯ ಮೊದಲ ಪುಟಗಳಲ್ಲೇ ಊರೊಳಕ್ಕೆ ಬರುವುದು ಕ್ರಾಂತಿಯಲ್ಲ, ಅದರ ಭಯ. ಮುಂದಿನ ಕಥೆಯನ್ನೆಲ್ಲ ಓದಿ ಮುಗಿಸಿದ ವಾಚಕನಿಗೆ ಈ ಆರಂಭ ಎಷ್ಟು ಸಾರ್ಥಕವೆಂಬುದು ತಿಳಿಯುತ್ತದೆ. ಏಕೆಂದರೆ ಈ ಕಾದಂಬರಿಯಲ್ಲಿ ಭೂಮಿಯ ಹಕ್ಕುಪತ್ರಗಳು ಕೈಯಿಂದ ಕೈಗೆ ಹಲವು ಬಾರಿ ಸಾಗುತ್ತವೆ. ಪ್ರತಿಬಾರಿಯೂ ಅವುಗಳನ್ನು ಸಾಗಿಸುವುದು ಭಯವೇ.

ಮೊದಲು ಬಡವರ ಭಯವನ್ನು ನೋಡಬೇಕು. ನ್ಯಾಯವಾಗಿ ಅದಕ್ಕೇ ಮೊದಲ ಸ್ಥಾನ. ಹೌ ಝೊಂಗ್‌ಚ್ವಾನ್ ಎಂಬ ವೃದ್ಧ ಗೇಣಿದಾರನೊಬ್ಬನಿದ್ದಾನೆ. ಹಿಂದಿನ ಒಂದು ಸಣ್ಣ ಹಂಚಿಕೆಯಲ್ಲಿ ಅವನಿಗೆ ತನ್ನ ಒಡೆಯನ ಭೂಮಿಯಲ್ಲಿ ಒಂದೂವರೆ ಮು ದೊರೆತಿತ್ತು. ಮು ಎಂದರೆ ಸುಮಾರು ಆರೂವರೆ ಗುಂಟೆ. ವೃದ್ಧನು ಅದನ್ನು ಯಾರಿಗೂ ತಿಳಿಯದಂತೆ ಒಡೆಯನಿಗೇ ಮರಳಿಸಿಬಿಡುತ್ತಾನೆ. ತನ್ನ ದುರವಸ್ಥೆಗೆ ಪೂರ್ವಜನ್ಮದ ಋಣವೇ ಕಾರಣವೆಂದೂ ಅದನ್ನು ತೀರಿಸದೆ ಗತಿಯಿಲ್ಲವೆಂದೂ ಅವನು ನಂಬಿದ್ದಾನೆ. ಮಗ ಕೋಪಿಸಿಕೊಂಡರೂ ಅವನು ಕದಲುವುದಿಲ್ಲ.

ಧರ್ಮಶ್ರದ್ಧೆಯುಳ್ಳ ವಾಚಕರು ಈ ಪ್ರಸಂಗವನ್ನು ಎಚ್ಚರದಿಂದ ಓದಬೇಕು. ಮೇಲ್ನೋಟಕ್ಕೆ ಅದು ನಿಸ್ಪೃಹತೆಯಂತೆ, ಸಹನೆಯಂತೆ ಕಾಣುತ್ತದೆ. ವಸ್ತುತಃ ಅದು ಎರಡೂ ಅಲ್ಲ. ಅಂಜಿ ಬಿಟ್ಟುಕೊಟ್ಟದ್ದು ತ್ಯಾಗವೆನಿಸದು. ಎದುರಿಸುವ ಶಕ್ತಿಯನ್ನೇ ಕಳೆದುಕೊಂಡವನ ಮೌನ ಕ್ಷಮೆಯೆನಿಸದು. ಪಕ್ಷದ ಸೇನೆ ನಾಳೆ ಹಿಮ್ಮೆಟ್ಟಿದರೆ, ಒಡೆಯನು ಮರಳಿ ತಲೆಯೆತ್ತಿದರೆ, ಆ ಒಂದೂವರೆ ಮು ಭೂಮಿಗೆ ತೆರಬೇಕಾದ ಬೆಲೆ ಏನೆಂಬುದು ವೃದ್ಧನಿಗೆ ಗೊತ್ತು. ಕರ್ಮಸಿದ್ಧಾಂತವು ಮನುಷ್ಯನಿಗೆ ತನ್ನ ಕೃತಿಯ ಹೊಣೆಯನ್ನು ನೆನಪಿಸುವುದಕ್ಕಾಗಿ ಇರುವಂಥದು. ಇನ್ನೊಬ್ಬನ ಅನ್ಯಾಯಕ್ಕೆ ರಸೀತಿ ಬರೆದುಕೊಡುವುದಕ್ಕಾಗಿ ಅಲ್ಲ. ಉಳ್ಳವರ ಹಳ್ಳಿಯಲ್ಲಿ ಆ ಸಿದ್ಧಾಂತವು ಬಡವನ ಬಾಯಲ್ಲಿ ಮಾತ್ರ ಕೇಳಿಬರುತ್ತದೆ, ಒಡೆಯನ ಬಾಯಲ್ಲಿ ಕೇಳಿಬರುವುದಿಲ್ಲ ಎಂಬುದೇ ಅದರ ದುರುಪಯೋಗಕ್ಕೆ ಸಾಕ್ಷಿ. ಬೆಳೆಯ ಅರ್ಧಪಾಲು ಗೇಣಿಗೆ ಹೋಗುತ್ತಿದ್ದ ಕಾಲದಲ್ಲಿ ಒಕ್ಕಲು ಕಳೆದುಕೊಂಡದ್ದು ಧಾನ್ಯವನ್ನು ಮಾತ್ರವಲ್ಲ. ತನ್ನದನ್ನು ತನ್ನದೆನ್ನುವ ಧೈರ್ಯವನ್ನೂ ಕಳೆದುಕೊಂಡಿದ್ದ. ದಿಂಗ್ ಲಿಂಗ್ ಈ ಒಳನಷ್ಟವನ್ನು ಯಾವ ಘೋಷಣೆಯೂ ಇಲ್ಲದೆ ಚಿತ್ರಿಸಿದ್ದಾರೆ.

ಇನ್ನು ಉಳ್ಳವರ ಭಯ. ಲೀ ಝಿಜುನ್ ಎಂಬ ಜಮೀನ್ದಾರನು ಊರುಬಿಟ್ಟು ಓಡಿಹೋಗಿದ್ದಾನೆ. ಹಕ್ಕುಪತ್ರಗಳನ್ನು ವಶಪಡಿಸಿಕೊಳ್ಳಲು ಗೇಣಿದಾರರು ಗುಂಪಾಗಿ ಅವನ ಮನೆಗೆ ಬರುತ್ತಾರೆ. ಅವನ ಹೆಂಡತಿ ಕಾಗದಗಳ ಪೆಟ್ಟಿಗೆಯನ್ನು ಹಿಡಿದು, ಮಕ್ಕಳನ್ನು ಮುಂದಿಟ್ಟುಕೊಂಡು, ಅವರ ಮುಂದೆ ಮೊಣಕಾಲೂರಿ ಕಣ್ಣೀರಿಡುತ್ತಾಳೆ. ಬಂದವರು ತಬ್ಬಿಬ್ಬಾಗಿ, ಪತ್ರಗಳನ್ನು ಮುಟ್ಟದೆ, ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಾರೆ. ಆ ಸ್ತ್ರೀಯ ಕಣ್ಣೀರಿನಲ್ಲಿ ಕಪಟವಿದೆಯೆಂಬುದನ್ನು ಲೇಖಕಿ ಮುಚ್ಚಿಡುವುದಿಲ್ಲ. ಆದರೂ ಆ ರೈತರು ಹಿಂದಿರುಗಿದ್ದು ಕೇವಲ ದೌರ್ಬಲ್ಯದಿಂದಲೇ? ಪಕ್ಷದ ಕಾರ್ಯಕರ್ತರು ಅದನ್ನು ಸೋಲೆಂದು ಎಣಿಸುತ್ತಾರೆ. ವಿಚಾರಮಾಡಿದರೆ ಅದರಲ್ಲಿ ಎರಡು ಎಳೆಗಳು ಹೆಣೆದುಕೊಂಡಿವೆ: ಒಂದು, ತಲೆತಲಾಂತರದಿಂದ ಬಂದ ಅಂಜಿಕೆ, ಇನ್ನೊಂದು, ಮೊಣಕಾಲೂರಿದವರ ಮೇಲೆ ಕೈಮಾಡಲಾರದ ಸಹಜ ಸಂಕೋಚ. ಮೊದಲನೆಯದು ಅಳಿಯಬೇಕು, ಎರಡನೆಯದು ಉಳಿಯಬೇಕು. ಆ ತಂಡದ ಬೋಧನೆಯಲ್ಲಿ ಇವೆರಡನ್ನೂ ಒಟ್ಟಿಗೆ ಕಿತ್ತೆಸೆಯುವ ಯತ್ನ ನಡೆಯುತ್ತದೆ. ಕಾದಂಬರಿಯ ನೈತಿಕ ದುರಂತದ ಬೀಜ ಅಲ್ಲಿದೆ.

ಕಥೆಯ ಮುಖ್ಯ ಪ್ರತಿನಾಯಕನಾದ ಚ್ಯೆನ್ ವೆನ್‌ಗುಯಿಯ ಪಾತ್ರವು ಈ ವಿಷಯದ ಮೇಲೆ ಹೆಚ್ಚಿನ ಬೆಳಕು ಚೆಲ್ಲುತ್ತದೆ. ಆಸ್ತಿಯ ಲೆಕ್ಕದಲ್ಲಿ ಅವನು ಊರಿನ ಮೊದಲಿಗನಲ್ಲ. ಇದ್ದ ಭೂಮಿಯಲ್ಲೂ ಬಹುಭಾಗವನ್ನು ಗಂಡುಮಕ್ಕಳ ಹೆಸರಿಗೆ ಕಾಗದದಲ್ಲಿ ಹಂಚಿಟ್ಟಿದ್ದಾನೆ. ಒಬ್ಬ ಮಗನನ್ನು ಕಮ್ಯುನಿಸ್ಟ್ ಸೇನೆಗೆ ಸೇರಿಸಿ ‘ಸೈನಿಕನ ಕುಟುಂಬ’ ಎಂಬ ಗೌರವವನ್ನು ಸಂಪಾದಿಸಿದ್ದಾನೆ. ಅಳಿಯ ಊರಿನ ರಕ್ಷಣಾಧಿಕಾರಿ. ಸ್ವತಃ ಯಾವ ಅಧಿಕಾರವನ್ನೂ ಹಿಡಿಯದೆ, ಯಾರು ಮುಖ್ಯಸ್ಥನಾಗಬೇಕು, ಯಾರ ಮಗ ಸೇನೆಯ ಕಡ್ಡಾಯ ದುಡಿಮೆಗೆ ಹೋಗಬೇಕು ಎಂಬುದನ್ನೆಲ್ಲ ತೆರೆಮರೆಯಲ್ಲಿ ನಿರ್ಧರಿಸುತ್ತಿದ್ದವನು ಅವನು. ಲ್ಯು ಮಾನ್ ಎಂಬ ತರುಣನ ಕುಟುಂಬ ಅವನ ಕುತಂತ್ರದಿಂದ ಹಾಳಾಗಿದೆ, ಅಣ್ಣನೊಬ್ಬನಿಗೆ ಬುದ್ಧಿಭ್ರಮಣೆಯಾಗಿದೆ. ಅಂದರೆ ಊರವರು ಚ್ಯೆನ್‌ನನ್ನು ದ್ವೇಷಿಸುವುದು ಅವನಲ್ಲಿ ಎಷ್ಟು ಮು ಭೂಮಿಯಿದೆ ಎಂಬ ಕಾರಣಕ್ಕಲ್ಲ, ಅವನು ಏನು ಮಾಡಿದ ಎಂಬ ಕಾರಣಕ್ಕೆ. ಅಪರಾಧವನ್ನು ಅಳೆಯಬೇಕಾದದ್ದು ಹಿಡುವಳಿಯಿಂದಲ್ಲ, ಕೃತ್ಯದಿಂದ ಎಂಬ ತತ್ತ್ವವನ್ನು ಈ ಪಾತ್ರದ ಮೂಲಕ ಕಾದಂಬರಿ ತಾನಾಗಿಯೇ ಒಪ್ಪಿಕೊಂಡಂತಾಗಿದೆ.

ಹಾಗಾದರೆ ಗು ಯೊಂಗ್‌ನ ಗತಿಯೇನು? ಬಂಡಿ ತಂದ ಆ ರೈತ ಕುರಿ ಕಾಯುತ್ತ ಜೀವನ ಆರಂಭಿಸಿ, ಮೈಮುರಿದು ದುಡಿದು, ತುಂಡುತುಂಡಾಗಿ ನೆಲ ಕೊಂಡವನು. ಅವನನ್ನು ಯಾವ ಪಟ್ಟಿಗೆ ಸೇರಿಸಬೇಕೆಂಬುದು ಊರಿನಲ್ಲಿ ವಿವಾದವಾಗುತ್ತದೆ. ಬಡವನಲ್ಲ, ಜಮೀನ್ದಾರನೂ ಅಲ್ಲ. ಯಾರನ್ನೂ ಪೀಡಿಸಿದವನಲ್ಲ, ಆದರೆ ನೆಲ ಹೆಚ್ಚಿದೆ. ಕೊನೆಗೆ ತಾನಾಗಿಯೇ ಭೂಮಿಯನ್ನು ಒಪ್ಪಿಸುವ ಮಾತು ಅವನ ಮನೆಯಲ್ಲಿ ಬೆಳೆಯುತ್ತದೆ. ಅದನ್ನು ಸ್ವಯಂಪ್ರೇರಿತ ದಾನವೆಂದು ಕರೆಯುವುದು ಸುಲಭ. ಆದರೆ ವೃದ್ಧ ಹೌ ಒಡೆಯನಿಗೆ ಮರಳಿಸಿದ ಒಂದೂವರೆ ಮು ಎಷ್ಟರಮಟ್ಟಿಗೆ ದಾನವೋ ಇದೂ ಅಷ್ಟರಮಟ್ಟಿಗೇ ದಾನ. ಲೇಖಕಿ ಮುಂದೆ ಹೇಳಿಕೊಂಡಂತೆ, ಒಂದು ಸಭೆಯಲ್ಲಿ ಇಂಥ ರೈತನೊಬ್ಬನನ್ನು ವೇದಿಕೆಗೆ ಹತ್ತಿಸಿದಾಗ ಅವನ ಸೊಂಟದ ಕಟ್ಟು ಹರಕುಬಟ್ಟೆಯದಾಗಿತ್ತು. ಆ ದೃಶ್ಯ ಅವರ ಮನಸ್ಸನ್ನು ಕಲಕಿ ಈ ಪಾತ್ರಕ್ಕೆ ಮೂಲವಾಯಿತು. ಸಿದ್ಧಾಂತವು ವರ್ಗವನ್ನು ಕಂಡಲ್ಲಿ ಲೇಖಕಿಯ ಕಣ್ಣು ಸೊಂಟದ ಹರಕುಬಟ್ಟೆಯನ್ನು ಕಂಡಿತು. ಈ ಕಾದಂಬರಿ ಇಂದಿಗೂ ಓದಿಸಿಕೊಳ್ಳಲು ಆ ಕಣ್ಣೇ ಕಾರಣ.

ಚ್ಯೆನ್‌ನ ತಬ್ಬಲಿ ತಮ್ಮನ ಮಗಳಾದ ಹೆಯಿನಿಯದು ಇನ್ನೂ ಸೂಕ್ಷ್ಮವಾದ ಪಾತ್ರ. ಅವಳು ಪ್ರೀತಿಸುವ ಚೆಂಗ್ ರೆನ್ ಹಿಂದೆ ಅದೇ ಮನೆಯಲ್ಲಿ ದುಡಿದವನು, ಈಗ ರೈತಸಂಘದ ಅಧ್ಯಕ್ಷ. ದೊಡ್ಡಪ್ಪನು ಅವಳನ್ನು ಗಾಳದ ಹುಳುವಾಗಿ ಬಳಸಿ ಚೆಂಗ್ ರೆನ್‌ನನ್ನು ಹಿಡಿಯಬಯಸುತ್ತಾನೆ; ಚೆಂಗ್ ರೆನ್ ತನ್ನ ಪದವಿಗೆ ಕಳಂಕ ಬಂದೀತೆಂದು ಅವಳಿಂದ ದೂರ ಸರಿಯುತ್ತಾನೆ. ಎರಡು ಪಕ್ಷಗಳ ನಡುವೆ ಅವಳು ಯಾರಿಗೂ ಬೇಡವಾದವಳು. ಮಹಾಸಭೆಯ ಮುನ್ನ ಒಂದು ರಾತ್ರಿ ದೊಡ್ಡಮ್ಮನು ಹಕ್ಕುಪತ್ರಗಳ ಗಂಟನ್ನು ಹಿಡಿದು ಚೆಂಗ್ ರೆನ್‌ನ ಗುಡಿಸಲಿಗೆ ಬರುತ್ತಾಳೆ. ಭೂಮಿಯೊಂದಿಗೆ ಹುಡುಗಿಯನ್ನೂ ಕೊಡುವುದಾಗಿ ಸೂಚಿಸುತ್ತಾಳೆ. ಚೆಂಗ್ ರೆನ್ ಅದನ್ನು ತಿರಸ್ಕರಿಸುತ್ತಾನೆ. ಭಯವು ಕಾಗದವನ್ನೂ ಕನ್ಯೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿ ತಂದ ಈ ಪ್ರಸಂಗ ಕೃತಿಯ ಅತ್ಯಂತ ತೀಕ್ಷ್ಣವಾದ ಭಾಗಗಳಲ್ಲೊಂದು.

ಆದರೆ ಹೆಯಿನಿಯ ಚಿತ್ರಣದಲ್ಲಿಯೇ ಕಾದಂಬರಿಯ ದೌರ್ಬಲ್ಯವೂ ಗೋಚರವಾಗುತ್ತದೆ. ಶ್ರೀಮಂತನ ಮನೆಯ ಹುಡುಗಿಗೆ ಇಷ್ಟು ಅನುಕಂಪವೇಕೆ ಎಂಬ ಆಕ್ಷೇಪ ಆಗಿನ ಚೀನದಲ್ಲಿಯೇ ಎದ್ದಿತ್ತು. ಅದಕ್ಕೆ ಅಂಜಿದಂತೆ ಲೇಖಕಿ ಅವಳಿಗೆ ಸುಲಭವಾದ ಬಿಡುಗಡೆಯೊಂದನ್ನು ಕಲ್ಪಿಸುತ್ತಾರೆ. ದೊಡ್ಡಪ್ಪ ಬಿದ್ದ ಮೇಲೆ ಅವಳು ನಗುನಗುತ್ತ ಮೆರವಣಿಗೆಯಲ್ಲಿ ಕಾಣಿಸುತ್ತಾಳೆ. ಅವಳೂ ಪೀಡಿತಳೇ ಎಂಬ ಅರಿವು ಚೆಂಗ್ ರೆನ್‌ಗೆ ಆಗುತ್ತದೆ. ತನ್ನನ್ನು ಸಾಕಿದ ಮನೆ ಕಣ್ಣೆದುರು ಕುಸಿದಾಗ ಅವಳ ಮನಸ್ಸಿನಲ್ಲಿ ಏನೇನು ನಡೆಯಿತು? ಆ ಪುಟಗಳಲ್ಲಿ ಅವಳನ್ನು ಚೆಂಗ್ ರೆನ್‌ನ ಕಣ್ಣಿನಿಂದ ಕಾಣುವುದಲ್ಲದೆ ಅವಳ ಕಣ್ಣಿನಿಂದ ಏನನ್ನೂ ಕಾಣುವ ಅವಕಾಶ ವಾಚಕನಿಗಿಲ್ಲ. ಅದೇ ರೀತಿ, ದಿನಗಟ್ಟಲೆ ಹುರಿಗಟ್ಟಿ ನಿಂತ ಊರಿನ ತೊಡಕು ಜಿಲ್ಲಾಕೇಂದ್ರದಿಂದ ಬಂದ ಪಕ್ಷದ ತರುಣ ಅಧಿಕಾರಿಯೊಬ್ಬನಿಂದ ಥಟ್ಟನೆ ಬಿಡಿಸಲ್ಪಡುವುದೂ ಕಲೆಯ ದೃಷ್ಟಿಯಿಂದ ಒಪ್ಪತಕ್ಕದ್ದಲ್ಲ. ಆರು ಗಂಟೆಗಳ ಕಾಲ ಭಾಷಣ ಬಿಗಿದು ರೈತರಿಗೆ ನಿದ್ದೆ ಬರಿಸುವ ವೆನ್ ತ್ಸಾಯ್ ಎಂಬ ಪಂಡಿತನನ್ನು ಹಾಸ್ಯಮಾಡುವ ಧೈರ್ಯ ಲೇಖಕಿಗಿದೆ. ಅವನನ್ನು ಕಳುಹಿಸಿದ ವ್ಯವಸ್ಥೆಯನ್ನು ಪ್ರಶ್ನಿಸುವ ಧೈರ್ಯ ಇಲ್ಲ.

ಕೃತಿಯ ಶಿಖರವೆಂದರೆ ಚ್ಯೆನ್‌ನನ್ನು ಬಹಿರಂಗವಾಗಿ ವಿಚಾರಿಸುವ ಸಭೆ. ಅವನ ತಲೆಗೆ ಎತ್ತರವಾದ ಕಾಗದದ ಟೊಪ್ಪಿಗೆ ಹಾಕಿ ಮೊಣಕಾಲೂರಿಸುತ್ತಾರೆ. ಲ್ಯು ಮಾನ್ ಮೊದಲ್ಗೊಂಡು ಒಬ್ಬೊಬ್ಬರಾಗಿ ತಮ್ಮ ದುಃಖವನ್ನು ಹೇಳುತ್ತಾರೆ. ಅಷ್ಟರಮಟ್ಟಿಗೆ ಆ ಸಭೆಗೆ ಒಂದು ಘನತೆಯಿದೆ. ಜೀವಮಾನದಲ್ಲಿ ಎಂದೂ ಬಾಯಿ ತೆರೆಯದವರು ಊರಿನ ನಡುವೆ ನಿಂತು ತಮಗಾದ ಅನ್ಯಾಯವನ್ನು ಹೆಸರಿಟ್ಟು ಹೇಳುವುದು ಸಣ್ಣ ಸಂಗತಿಯಲ್ಲ. ಆದರೆ ಮಾತು ಮುಗಿಯುವ ಮೊದಲೇ ಜನ ಏರಿಬಂದು ಹೊಡೆಯತೊಡಗುತ್ತಾರೆ. ತಡೆಯಲು ಬೇರೆ ದಾರಿ ಕಾಣದೆ, ಪಕ್ಷದ ಊರ ಶಾಖೆಯ ಕಾರ್ಯದರ್ಶಿ ಜಾಂಗ್ ಯುಮಿನ್ ತನ್ನ ಮೈಯನ್ನೇ ಚ್ಯೆನ್‌ನ ಮೇಲೆ ಅಡ್ಡವಾಗಿ ಒಡ್ಡುತ್ತಾನೆ. ಹೊಡೆತಗಳು ಅವನ ಮೇಲೂ ಬೀಳುತ್ತವೆ. ಕೊಲ್ಲುವುದಾದರೆ ಮೇಲಿನವರ ಅನುಮತಿ ಬೇಕೆಂಬುದು ಅವನು ಜನರ ಮುಂದಿಡುವ ವಾದ.

ಇಡೀ ಕಾದಂಬರಿಯಲ್ಲಿ ಇದಕ್ಕಿಂತ ಮಿಗಿಲಾದ ಕೃತ್ಯವಿಲ್ಲ. ಇದಕ್ಕಿಂತ ದುರ್ಬಲವಾದ ಸಮರ್ಥನೆಯೂ ಇಲ್ಲ. ಶತ್ರುವಿನ ದೇಹವನ್ನು ತನ್ನ ದೇಹದಿಂದ ಮುಚ್ಚಿದವನಿಗೆ, ಹಾಗೇಕೆ ಮಾಡಿದೆನೆಂದು ಹೇಳಲು ನಿಯಮಾವಳಿಯ ಮಾತಲ್ಲದೆ ಬೇರೆ ಮಾತೇ ಸಿಗಲಿಲ್ಲ. ಮನುಷ್ಯನನ್ನು ಹೊಡೆದು ಕೊಲ್ಲಬಾರದು ಎಂಬ ಸರಳವಾಕ್ಯ ಆ ಸಭೆಯಲ್ಲಿ ಯಾರ ಬಾಯಿಂದಲೂ ಹೊರಡಲಿಲ್ಲ. ನಿಷೇಧವು ಅನುಮತಿಯ ಅಭಾವವನ್ನಷ್ಟೇ ಅವಲಂಬಿಸಿದ್ದರೆ, ಅನುಮತಿ ದೊರೆತ ದಿನ ಅದು ಉಳಿಯುವುದಿಲ್ಲ. ಚರಿತ್ರೆಯಲ್ಲಿ ಆದದ್ದೂ ಹಾಗೆಯೇ. 1947ರ ಅಕ್ಟೋಬರಿನ ಭೂಕಾನೂನಿನ ನಂತರ ಅನೇಕ ಪ್ರದೇಶಗಳಲ್ಲಿ ಹಿಂಸೆ ಮಿತಿಮೀರಿತು. ಮುಂದಿನ ವರ್ಷ ಪಕ್ಷದ ಮುಖಂಡರೇ ಅದನ್ನು ಅತಿರೇಕವೆಂದು ಒಪ್ಪಿ ತಡೆಯಬೇಕಾಯಿತು. 1950ರ ಭೂಸುಧಾರಣಾ ಕಾಯಿದೆ ಶ್ರೀಮಂತ ರೈತರ ಸಾಗುವಳಿ ಭೂಮಿಗೆ ರಕ್ಷಣೆ ನೀಡಿದರೂ, ಜಮೀನ್ದಾರರ ವಿರುದ್ಧದ ಸಭೆಗಳು ನಿಲ್ಲಲಿಲ್ಲ. ಸತ್ತವರ ಸಂಖ್ಯೆಯ ಬಗ್ಗೆ ಚರಿತ್ರಕಾರರ ಅಂದಾಜುಗಳು ಭಿನ್ನವಾಗಿದ್ದರೂ, ಅದು ಲಕ್ಷಗಳ ಲೆಕ್ಕವೆಂಬುದರಲ್ಲಿ ವಿವಾದವಿಲ್ಲ.

ನ್ಯಾಯಕ್ಕಾಗಿ ಇನ್ನೊಂದು ಲೆಕ್ಕವನ್ನೂ ಹೇಳಬೇಕು. ಅಧಿಕೃತ ಅಂಕಿಗಳಂತೆ, ಸುಮಾರು 30 ಕೋಟಿ ರೈತಜನರಿಗೆ ಸುಮಾರು 70 ಕೋಟಿ ಮು ಭೂಮಿ ಹಂಚಿಕೆಯಾಯಿತು. ಗೇಣಿಯ ಹೊರೆ ಇಳಿಯಿತು. ವೃದ್ಧ ಹೌನಂಥವರಿಗೆ ತಮ್ಮ ಹೆಸರಿನ ಹಕ್ಕುಪತ್ರ ದೊರೆಯಿತು. ಇದನ್ನು ಮರೆತು ಹಿಂಸೆಯನ್ನು ಮಾತ್ರ ಎಣಿಸುವ ವಿಮರ್ಶೆ ಉಳ್ಳವರ ಸಮಾಧಾನಕ್ಕಾಗಿ ಬರೆದದ್ದಾಗುತ್ತದೆ. ಆದರೆ ಆ ಹಕ್ಕುಪತ್ರದ ಆಯುಸ್ಸು ಎಷ್ಟು? 1953ರಿಂದ ಸಹಕಾರಿ ಸಂಘಗಳ ಹೆಸರಿನಲ್ಲಿ, 1956ರ ಹೊತ್ತಿಗೆ ಸಮಷ್ಟಿ ಒಡೆತನದಲ್ಲಿ, 1958ರಲ್ಲಿ ಜನತಾ ಕಮ್ಯೂನುಗಳಲ್ಲಿ ಆ ಭೂಮಿಯೆಲ್ಲ ಲೀನವಾಯಿತು. ಅದರ ಬೆನ್ನಿಗೇ 1959ರಿಂದ 1961ರವರೆಗಿನ ಕ್ಷಾಮದಲ್ಲಿ ಕೋಟ್ಯಂತರ ಜನ, ಬಹುಪಾಲು ರೈತರೇ, ಮಡಿದರು. ಒಡೆಯನ ಮುಂದೆ ಬಾಯಿ ತೆರೆಯಲು ಕಲಿತ ರೈತನಿಗೆ ಸರ್ಕಾರದ ಮುಂದೆ ಬಾಯಿ ತೆರೆಯುವ ಹಕ್ಕು ಇರಲಿಲ್ಲ. ಭಯವು ಅಳಿದಿರಲಿಲ್ಲ, ಮನೆ ಬದಲಾಯಿಸಿತ್ತು, ಅಷ್ಟೆ.

ಕಾದಂಬರಿಯ ಕೊನೆಯ ಭಾಗದಲ್ಲಿ ಇದರ ಪೂರ್ವಸೂಚನೆಯಂಥ ದೃಶ್ಯವೊಂದಿದೆ. ವೃದ್ಧ ಹೌನ ಒಡೆಯನು ತಾನೇ ಹಕ್ಕುಪತ್ರಗಳನ್ನು ಹಿಡಿದು ವೃದ್ಧನ ಮನೆಗೆ ಬಂದು ಮೊಣಕಾಲೂರುತ್ತಾನೆ. ಒಂದು ಕಾಲಕ್ಕೆ ಅಂಜಿ ಕಾಗದ ಮರಳಿಸಿದವನ ಮುಂದೆ ಈಗ ಮರಳಿಸಿಕೊಂಡವನೇ ಅಂಜಿ ಕಾಗದ ಚಾಚಿದ್ದಾನೆ. ಲೇಖಕಿ ಇದನ್ನು ವಿಜಯವೆಂದು ಚಿತ್ರಿಸಿದ್ದಾರೆ. ವೃದ್ಧನ ಪಾಲಿಗೆ ಅದು ವಿಜಯವೂ ಹೌದು. ಆದರೆ ಇವೆರಡು ದೃಶ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಬದಲಾದದ್ದು ಯಾರು ಮೊಣಕಾಲೂರಿದ್ದಾರೆ ಎಂಬುದು, ಮೊಣಕಾಲೂರುವುದೇ ತಪ್ಪಿಲ್ಲ.

ಲೇಖಕಿಯ ಸ್ವಂತ ಬದುಕು ಈ ವಿಚಾರಕ್ಕೆ ಕಠೋರವಾದ ಭಾಷ್ಯವಾಯಿತು. ದಿಂಗ್ ಲಿಂಗ್ 1904ರಲ್ಲಿ ಹುನಾನ್ ಪ್ರಾಂತ್ಯದ ಭೂಮಾಲಿಕ ಮನೆತನವೊಂದರಲ್ಲಿ ಹುಟ್ಟಿದವರು. ಅವರ ಪತಿ, ಲೇಖಕ ಹು ಯೆಪಿನ್ ಅವರನ್ನು 1931ರಲ್ಲಿ ಕ್ವೊಮಿಂತಾಂಗ್ ಸರ್ಕಾರ ಗುಂಡಿಟ್ಟು ಕೊಂದಿತು. ಅವರನ್ನೂ 1933ರಿಂದ ಮೂರು ವರ್ಷ ಬಂಧನದಲ್ಲಿಟ್ಟಿತು. ಕ್ರಾಂತಿಗಾಗಿ ಇಷ್ಟು ತೆತ್ತವರು ಅಧಿಕಾರ ಬಂದ ಮೇಲೆ ಇತರ ಲೇಖಕರನ್ನು ಖಂಡಿಸುವ ಕಾರ್ಯದಲ್ಲಿ ತಾವೂ ದನಿಗೂಡಿಸಿದರು. 1951ರಲ್ಲಿ ಕಥೆಗಾರ ಶ್ಯಾವೋ ಯೇಮು ಅವರ ವಿರುದ್ಧ ಬರೆದರು. 1957ರಲ್ಲಿ ಅದೇ ಖಂಡನೆ ಅವರ ಮೇಲೆರಗಿತು. ‘ಬಲಪಂಥೀಯೆ’ ಎಂಬ ಹಣೆಪಟ್ಟಿ ಹೊತ್ತು ಮರುವರ್ಷ ಈಶಾನ್ಯದ ಹಿಮಪ್ರದೇಶದ ಕೃಷಿಕ್ಷೇತ್ರಕ್ಕೆ ಹೋದರು. ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ, ತಾವು ಒಂದು ಕಾಲಕ್ಕೆ ಬಣ್ಣಿಸಿದ್ದಂಥ ಬಹಿರಂಗ ಸಭೆಗಳಿಗೆ ತಾವೇ ಗುರಿಯಾದರು. 1970ರಿಂದ 1975ರವರೆಗೆ ಸೆರೆಮನೆಯಲ್ಲಿದ್ದರು. 1979ರಲ್ಲಿ ಅವರ ಹಣೆಪಟ್ಟಿ ತೆಗೆಯಲ್ಪಟ್ಟಿತು, 1986ರಲ್ಲಿ ತೀರಿಕೊಂಡರು.

ಅದೇ 1979ರ ಜನವರಿಯಲ್ಲಿ ಚೀನದ ಸರ್ಕಾರ ಹಳ್ಳಿಗಳಲ್ಲಿ ಉಳಿದಿದ್ದ ‘ಜಮೀನ್ದಾರ’, ‘ಶ್ರೀಮಂತ ರೈತ’ ಎಂಬ ಹಣೆಪಟ್ಟಿಗಳನ್ನೂ ತೆಗೆಯಲು ತೀರ್ಮಾನಿಸಿತು. ಅಲ್ಲಿಯವರೆಗೆ ಸುಮಾರು ಮೂವತ್ತು ವರ್ಷ ಆ ಪಟ್ಟಿ ತಂದೆಯಿಂದ ಮಗನಿಗೆ ಇಳಿದುಬಂದಿತ್ತು. ಶಾಲೆ, ಉದ್ಯೋಗ, ವಿವಾಹಗಳಿಗೆಲ್ಲ ಅದು ಅಡ್ಡಬರುತ್ತಿತ್ತು. ಒಡೆತನವು ವಂಶಪಾರಂಪರ್ಯವಾಗಿ ಇಳಿಯಬಾರದೆಂದು ಹೊರಟವರು ಅಪರಾಧವನ್ನು ವಂಶಪಾರಂಪರ್ಯವಾಗಿ ಇಳಿಸಿದರು. ನೆಲವಿಲ್ಲದ ಮಕ್ಕಳಿಗೂ ನೆಲದ ಪಾಪ ಉಳಿಯಿತು. ಹೆಯಿನಿ ನಿಜವಾದ ಹಳ್ಳಿಯೊಂದರಲ್ಲಿ ಬದುಕಿದ್ದರೆ ಕಾದಂಬರಿಯ ನಗುವಿನ ಮೆರವಣಿಗೆಯ ನಂತರ ಅವಳಿಗೆ ಎದುರಾಗುತ್ತಿದ್ದ ಪ್ರಶ್ನೆ ಒಂದೇ: ನೀನು ಯಾರ ಮನೆಯವಳು?

ಹಾಗಾದರೆ ಈ ಕಾದಂಬರಿಯನ್ನು ಇಂದು ಓದಬೇಕಾದುದೇಕೆ? ಅದರ ತೀರ್ಪಿಗಾಗಿ ಅಲ್ಲ, ಅದರ ಸಾಕ್ಷ್ಯಕ್ಕಾಗಿ. ಭೂಮಿಯುಳ್ಳವರು ವೃದ್ಧ ಹೌನ ಪ್ರಸಂಗವನ್ನು ಓದಿ, ತಮ್ಮ ಒಕ್ಕಲಿನ ವಿನಯದಲ್ಲಿ ಎಷ್ಟು ಪಾಲು ಗೌರವ, ಎಷ್ಟು ಪಾಲು ಅಂಜಿಕೆ ಎಂದು ವಿವೇಚಿಸಬೇಕಾಗುತ್ತದೆ. ಅಂಥ ವಿವೇಚನೆ ಕಾಲದಲ್ಲಿ ನಡೆಯದಿದ್ದ ಊರುಗಳಲ್ಲಿಯೇ ಕಾಗದದ ಟೊಪ್ಪಿಗೆಗಳು ಸಿದ್ಧವಾದವು. ಅನ್ಯಾಯವನ್ನು ಎದುರಿಸುವವರು ಜಾಂಗ್ ಯುಮಿನ್‌ನ ಪ್ರಸಂಗವನ್ನು ಓದಿ, ಅವನ ದೇಹಕ್ಕೆ ತಿಳಿದದ್ದು ಅವನ ಮಾತಿಗೆ ಏಕೆ ತಿಳಿಯಲಿಲ್ಲ ಎಂದು ವಿಚಾರಿಸಬೇಕಾಗುತ್ತದೆ. ನೆಲವನ್ನು ಹಂಚುವ ಕಾನೂನುಗಳು ಬೇಕು. ಹಸಿವಿನ ಮುಂದೆ ಮಿತಿಮೀರಿದ ಸಂಚಯಕ್ಕೆ ಸಮರ್ಥನೆಯಿಲ್ಲ. ಆದರೆ ಒಬ್ಬನ ಭಯವನ್ನು ಇನ್ನೊಬ್ಬನಿಗೆ ವರ್ಗಾಯಿಸುವುದು ಹಂಚಿಕೆಯಲ್ಲ. ಸಾಂಗ್‌ಗಾನ್ ತೀರದ ಆ ಹಳ್ಳಿಯಲ್ಲಿ ಕಾಗದಪತ್ರಗಳೆಲ್ಲ ಕೈಬದಲಾದವು. ಯಾರೊಬ್ಬರೂ ಅಂಜದೆ ಕೊಟ್ಟ, ಅಂಜದೆ ಪಡೆದ ಒಂದು ಕಾಗದ ಮಾತ್ರ ಆ ಕಥೆಯಲ್ಲಿ ಕಾಣಸಿಗುವುದಿಲ್ಲ.